ಪಲ್ಟಿ ಹೊಡೆದರೂ ನಿಲ್ಲದ ಎಂಜಿನ್

ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ನೆಲೆಯಿಂದ 2016ರ ನವೆಂಬರ್‌ನಲ್ಲಿ ‘ರುಸ್ತುಂ-2’ ಮೊದಲ ಬಾರಿ ಮೇಲೆದ್ದ ಮೇಲೆ ಚಿತ್ರದುರ್ಗ ಜಿಲ್ಲೆಗೆ ಪೈಲಟ್ ಇಲ್ಲದ ವಿಮಾನ ಹೊಸತಾಗಿ ಉಳಿದಿಲ್ಲ. ‘ತಪಸ್’ ಎಂದು ಹೆಸರು ಬದಲಾದ ಅದೇ ಮಾದರಿಯ ವಿಮಾನವೊಂದು 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲಕ್ಕೆ ಬಿದ್ದಾಗ ನೋಡಲು ಜನ ಮುಗಿಬಿದ್ದಿದ್ದರು. ಇದನ್ನೆಲ್ಲ ಕಂಡು ಹೊಸದುರ್ಗ, ಹೊಳಲ್ಕೆರೆಯ ಹುಡುಗರಿಗೂ ಪುಟ್ಟ ವಿಮಾನ ಕಟ್ಟುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಎಂಜಿನ್ ಇಟ್ಟು ಹಾರಿಸುವವರಿಗೆ ಮೊದಲು ಕಾಡುವುದು ಇಂಧನದ ಟ್ಯಾಂಕು.

ಬೈಕಿನ ಟ್ಯಾಂಕಿಗೆ ತಳ ಯಾವುದೆಂಬ ಗೊಂದಲವಿಲ್ಲ. ಪಲ್ಟಿ ಹೊಡೆಯುವ ವಿಮಾನದಲ್ಲಿ ಇಂಧನ ಒಮ್ಮೆ ಹಿಂದಕ್ಕೆ, ಒಮ್ಮೆ ಮೇಲಕ್ಕೆ ನುಗ್ಗುತ್ತದೆ. ಅದಕ್ಕಾಗಿ ಟ್ಯಾಂಕಿನೊಳಗೆ ಮೆತ್ತನೆಯ ಸಿಲಿಕೋನ್ ಕೊಳವೆ, ಅದರ ತುದಿಗೆ ‘ಕ್ಲಂಕ್’ ಎಂಬ ಲೋಹದ ಗುಂಡು. ಇಂಧನವನ್ನು ಯಾವ ಬಲ ಯಾವ ಕಡೆ ತಳ್ಳುತ್ತದೋ ಅದೇ ಬಲ ಗುಂಡನ್ನೂ ಅತ್ತಲೇ ಎಳೆಯುತ್ತದೆ. ಕೊಳವೆಯ ಬಾಯಿ ಇಂಧನದಲ್ಲೇ ಮುಳುಗಿರುತ್ತದೆ. ಗುಂಡು ಹಿಂಗೋಡೆಗೆ ತಾಗದೆ ಸಲೀಸಾಗಿ ಆಡುತ್ತಿರಬೇಕು.

ಟ್ಯಾಂಕನ್ನು ಎಂಜಿನ್ನಿಗೆ ಆದಷ್ಟು ಹತ್ತಿರ ಕೂರಿಸಿ. ಮೂತಿ ಮೇಲಾದಾಗ ಇಂಧನ ಕೇವಲ 10 ಸೆಂ.ಮೀ. ಏರಬೇಕಾದರೂ ಸುಮಾರು 800 ಪಾಸ್ಕಲ್ ಒತ್ತಡ ಬೇಕು. ಕಾರ್ಬುರೇಟರಿನ ಹೀರುವ ಶಕ್ತಿಗೆ ಅದು ಸಣ್ಣ ಹೊರೆಯಲ್ಲ. ಹೀಗಾಗಿ ಸೈಲೆನ್ಸರಿನಿಂದ ಒಂದು ಕೊಳವೆ ತಂದು ಹೊಗೆಯ ಒತ್ತಡವನ್ನು ಟ್ಯಾಂಕಿನ ಗಾಳಿಕಿಂಡಿಗೆ ಕೊಡುತ್ತಾರೆ. ಟ್ಯಾಂಕಿನ ನಡುಮಟ್ಟ ಕಾರ್ಬುರೇಟರಿನ ಸೂಜಿಯ ಮಟ್ಟಕ್ಕೆ ಸಮ, ಇಲ್ಲವೇ ತುಸು ಕೆಳಗಿರಲಿ. ಮೇಲಿದ್ದರೆ ಎಂಜಿನ್ ನಿಂತಾಗಲೂ ಇಂಧನ ಸೋರಿ ಒಳಗೆ ತುಂಬಿಕೊಳ್ಳುತ್ತದೆ.

ಟ್ಯಾಂಕಿಗೆ ಸ್ಪಾಂಜು ಸುತ್ತುವುದನ್ನು ಮರೆಯಬೇಡಿ. ಎಂಜಿನ್ನಿನ ನಡುಕಕ್ಕೆ ಇಂಧನ ನೊರೆಯೆದ್ದರೆ ಗುಳ್ಳೆಗಳೇ ಕಾರ್ಬುರೇಟರಿಗೆ ಹೋಗಿ ಎಂಜಿನ್ ಗಕ್ಕನೆ ನಿಲ್ಲುತ್ತದೆ. 6.5 ಸಿಸಿ ಎಂಜಿನ್ನಿಗೆ 240ರಿಂದ 300 ಮಿಲಿಲೀಟರ್ ಸಾಕು. ದೊಡ್ಡ ಟ್ಯಾಂಕು ಇಟ್ಟರೆ ಭಾರ ಹೆಚ್ಚುತ್ತದೆ. ಅದು ಮೂತಿಯ ಕಡೆ ಇರುವುದರಿಂದ ಇಂಧನ ಮುಗಿದಂತೆ ವಿಮಾನದ ತೂಕ ಬಾಲದತ್ತ ವಾಲುತ್ತದೆ. ಸಮತೋಲ ನೋಡುವಾಗ ಟ್ಯಾಂಕು ಖಾಲಿಯಿರಲಿ.

ಕಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ‘ಗ್ಲೋ’ ಎಂಜಿನ್ನಿನ ಇಂಧನ ಮೆಥನಾಲ್, ನೈಟ್ರೊಮೀಥೇನ್ ಮತ್ತು ಹರಳೆಣ್ಣೆಯಂಥ ಎಣ್ಣೆಯ ಮಿಶ್ರಣ. ಮೆಥನಾಲ್ ವಿಷ, ಅದರ ಉರಿ ಹಗಲಲ್ಲಿ ಕಾಣಿಸುವುದೇ ಇಲ್ಲ. ಪೆಟ್ರೋಲ್ ಎಂಜಿನ್ನಾದರೆ ಸಿಲಿಕೋನ್ ಕೊಳವೆ ಉಬ್ಬಿ ಹಾಳಾಗುತ್ತದೆ, ಪೆಟ್ರೋಲ್ ತಾಳುವ ಕೊಳವೆಯೇ ಬೇಕು.

ಹಾರಿಸುವ ಮುನ್ನ ಡ್ರೋನ್‌ಗಳಿಗಾಗಿ ಸರ್ಕಾರ ಮಾಡಿರುವ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಆ ಜಾಗಕ್ಕೆ ನಿರ್ಬಂಧವಿದೆಯೇ ನೋಡಿಕೊಳ್ಳಿ. ಬಳಿಕ ಎಂಜಿನ್ ಪೂರ್ತಿ ಓಡುತ್ತಿರುವಾಗ ವಿಮಾನವನ್ನು ಭದ್ರವಾಗಿ ಹಿಡಿದು ಮೂತಿ ಮೇಲೆತ್ತಿ. ಸದ್ದು ಕುಗ್ಗಿದರೆ ಇಂಧನ ಸಾಲುತ್ತಿಲ್ಲ. ಇಂಧನ ಹೆಚ್ಚು ಹರಿಯಲು ಕಾರ್ಬುರೇಟರಿನ ಸೂಜಿಯನ್ನು ಸ್ವಲ್ಪ ಬಿಚ್ಚಿ. ಸದ್ದು ಕುಗ್ಗದಿದ್ದರೆ ಹಾರಿಸಬಹುದು.