ಯಕೃತ್ತಿನ ಕಾವಲು, ಕರುಳಿನ ಅಪ್ಪಣೆ

ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಆದರೆ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಟಿಮ್ ಗ್ರೆಟನ್ ಅವರ ತಂಡ ಇಲಿಗಳಿಗೆ ಕೆಲವು ಆಂಟಿಬಯಾಟಿಕ್‌ಗಳನ್ನು ಬೆರೆಸಿ ಕೊಟ್ಟಾಗ ಅವುಗಳ ಯಕೃತ್ತಿನ ಕ್ಯಾನ್ಸರ್ ಗೆಡ್ಡೆಗಳೇ ಕಡಿಮೆಯಾದವು. ಅದೂ ಯಕೃತ್ತಿನಲ್ಲಿ ಮಾತ್ರ.

ಯಕೃತ್ತಿಗೆ ಬರುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ್ದು. ಬಹುಪಾಲು ಕರುಳನ್ನು ಹಾದು ಬಂದದ್ದು. ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿ ರಕ್ತಕ್ಕೆ ಬಿಟ್ಟದ್ದು ಮೊದಲು ಮುಟ್ಟುವುದು ಯಕೃತ್ತನ್ನೇ. ಹಾಗಾಗಿ ಸಂಬಂಧವಿದ್ದೀತು ಎಂಬ ಊಹೆ ಕಷ್ಟದ್ದಲ್ಲ. ಅದು ಯಾವ ದಾರಿಯಲ್ಲಿ ಎಂದು ತೋರಿಸುವುದೇ ಕಷ್ಟ. ತಂಡ ಫಲಿತಾಂಶದಿಂದ ಹಿಂದಕ್ಕೆ ಹೆಜ್ಜೆ ಹುಡುಕುತ್ತ ಹೊರಟಿತು.

ಔಷಧಿ ಪಡೆದ ಇಲಿಗಳ ಯಕೃತ್ತಿನಲ್ಲಿ ಎನ್‌ಕೆಟಿ ಎಂಬ ಬಿಳಿ ರಕ್ತಕಣಗಳು ಹೆಚ್ಚಿದ್ದವು. ಗೆಡ್ಡೆಯ ಬೆಳವಣಿಗೆಯನ್ನು ತಡೆದವು ಇವೇ. ಇವನ್ನು ಅಲ್ಲಿಗೆ ಕರೆಸಿದ್ದು ಯಾರು? ಯಕೃತ್ತಿನ ಅತಿ ಸಣ್ಣ ರಕ್ತನಾಳಗಳ ಒಳಗೋಡೆಯ ಕೋಶಗಳು. ಅವು ಸಿಎಕ್ಸ್‌ಸಿಎಲ್16 ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತಿದ್ದವು. ಎನ್‌ಕೆಟಿ ಕೋಶಗಳು ಅದರ ಜಾಡು ಹಿಡಿದು ಬರುತ್ತವೆ. ಹಾಗಾದರೆ ಒಳಗೋಡೆಯ ಕೋಶಗಳಿಗೆ ಹೇಳಿದ್ದು ಯಾರು?

ಉತ್ತರ ಸಿಕ್ಕಿದ್ದು ಪಿತ್ತರಸದಲ್ಲಿ. ಇಡೀ ಕತೆಯಲ್ಲಿ ನನ್ನನ್ನು ಬೆರಗುಗೊಳಿಸುವ ಭಾಗ ಇದು. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ಮಾಡಿ, ಕೊಬ್ಬು ಜೀರ್ಣವಾಗಲೆಂದು ಕರುಳಿಗೆ ಕಳಿಸುತ್ತದೆ. ಅಲ್ಲಿ ಕ್ಲಾಸ್ಟ್ರಿಡಿಯಂ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಅವುಗಳಲ್ಲಿ ಒಂದಷ್ಟನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಬಹುಪಾಲು ಪಿತ್ತಾಮ್ಲ ರಕ್ತದ ಮೂಲಕ ಯಕೃತ್ತಿಗೇ ಮರಳುತ್ತದೆ. ತಾನು ಕಳಿಸಿದ್ದು ಯಾವ ರೂಪದಲ್ಲಿ ಮರಳಿತು ಎಂಬುದರ ಮೇಲೆ ಯಕೃತ್ತಿನ ವರ್ತನೆ ನಿಂತಿದೆ: ಮೂಲ ರೂಪದ ಪಿತ್ತಾಮ್ಲ ಹೆಚ್ಚಿದ್ದರೆ ಸಿಎಕ್ಸ್‌ಸಿಎಲ್16 ಏರುತ್ತದೆ, ಬದಲಾದ ರೂಪದ್ದು ಹೆಚ್ಚಿದ್ದರೆ ಇಳಿಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ವ್ಯಾಂಕೊಮೈಸಿನ್ ಒಂದನ್ನೇ ಬಳಸಿದರು. ಬಾಯಿಯ ಮೂಲಕ ಕೊಟ್ಟರೆ ಇದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕೆಲಸವೆಲ್ಲ ಕರುಳಿನಲ್ಲೇ. ಕ್ಲಾಸ್ಟ್ರಿಡಿಯಂಗಳು ಇದಕ್ಕೆ ಬಲಿಯಾಗುತ್ತವೆ. ಎನ್‌ಕೆಟಿ ಕೋಶಗಳು ಮತ್ತೆ ಹೆಚ್ಚಿದವು. ಆ ಇಲಿಗಳ ಕರುಳಿಗೆ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಎಂಬ ಒಂದೇ ಜಾತಿಯನ್ನು ಮರಳಿ ಬಿಟ್ಟಾಗ ಅವು ಮತ್ತೆ ಇಳಿದವು. 2018ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು. ಯಕೃತ್ತಿನ ಕ್ಯಾನ್ಸರ್ ಇದ್ದವರ ಅಂಗಾಂಶದಲ್ಲೂ ಪಿತ್ತಾಮ್ಲಕ್ಕೂ ಆ ಪ್ರೋಟೀನಿಗೂ ಇಂಥದೇ ನಂಟು ಕಂಡಿತ್ತು. ಆದರೆ ಇಲಿಗೆ ಹೋಲಿಸಿದರೆ ಮನುಷ್ಯರ ಯಕೃತ್ತಿನಲ್ಲಿ ಎನ್‌ಕೆಟಿ ಕೋಶಗಳು ಬಹಳ ಕಡಿಮೆ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾ ಇಲ್ಲದಿದ್ದರೇ ಯಕೃತ್ತಿಗೆ ಕ್ಷೇಮವೇ? ಆಂಟಿಬಯಾಟಿಕ್ ನುಂಗಿ ಕ್ಯಾನ್ಸರ್ ತಡೆಯಬಹುದೆಂದು ಯಾರಾದರೂ ಹೊರಡುವ ಮೊದಲು 2020ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ ಬಂದ ಕೆಲಸವನ್ನು ಓದಬೇಕು. ಬ್ರೇಡನ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು ನೋಡಿದ್ದು ಯಕೃತ್ತಿನ ಇನ್ನೊಂದು ಕಾವಲುಪಡೆಯನ್ನು: ರಕ್ತದಲ್ಲಿ ಹರಿದುಬರುವ ರೋಗಾಣುಗಳನ್ನು ಹಿಡಿದು ನುಂಗುವ ಕುಪ್ಫರ್ ಕೋಶಗಳನ್ನು. ವಿಜ್ಞಾನಿ ಕಾರ್ಲ್ ಕುಪ್ಫರ್ ಅವರ ಹೆಸರೇ ಇವಕ್ಕೆ. ಆಂಟಿಬಯಾಟಿಕ್‌ನಿಂದ ಕರುಳಿನ ಜೀವಿಗಳನ್ನು ಅಳಿಸಿದಾಗ ಈ ಕಾವಲು ಸೋತಿತು, ಸೋಂಕು ಇಲಿಯ ಮೈಯೆಲ್ಲ ಹಬ್ಬಿತು. ಕರುಳಿನ ಬ್ಯಾಕ್ಟೀರಿಯಾಗಳು ಬಿಡುವ ಡಿ-ಲ್ಯಾಕ್ಟೇಟ್ ಎಂಬ ಸಣ್ಣ ಅಣು ಪೋರ್ಟಲ್ ರಕ್ತನಾಳದ ಮೂಲಕ ಬಂದು ಕುಪ್ಫರ್ ಕೋಶಗಳನ್ನು ಸದಾ ಸಜ್ಜಾಗಿ ಇಡುತ್ತಿತ್ತು. ಹುಟ್ಟಿನಿಂದ ಒಂದೂ ಸೂಕ್ಷ್ಮಜೀವಿಯಿಲ್ಲದೆ ಬೆಳೆಸಿದ ಇಲಿಗಳಿಗೆ ಶುದ್ಧ ಡಿ-ಲ್ಯಾಕ್ಟೇಟ್ ಒಂದನ್ನೇ ಕೊಟ್ಟಾಗಲೂ ಅವುಗಳ ಯಕೃತ್ತು ರೋಗಾಣುಗಳನ್ನು ಹಿಡಿಯತೊಡಗಿತು.