ಮನೆಯ ಪುಸ್ತಕಭಂಡಾರಕ್ಕೊಂದು ಸೂಚೀಪತ್ರ

ಪುಸ್ತಕಗಳ ಮೇಲಿನ ಮಮತೆಯಲ್ಲಿ ಕಡಲಾಚೆಯ ಕನ್ನಡಿಗರು ಯಾರಿಗೂ ಕಡಮೆಯಲ್ಲ. ಊರಿಗೆ ಹೋಗಿ ಬರುವಾಗಲೆಲ್ಲ ವಿಮಾನದ ತೂಕದ ಮಿತಿಯನ್ನು ಲೆಕ್ಕಹಾಕಿ, ಹಪ್ಪಳ ಸಂಡಿಗೆಗಳ ನಡುವೆ ಜಾಗ ಮಾಡಿಕೊಂಡು, ನಾಲ್ಕಾರು ಪುಸ್ತಕಗಳನ್ನಾದರೂ ಹೊತ್ತು ತರುತ್ತೇವೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಅವು ನೂರಾರಾಗಿ ಕಪಾಟುಗಳನ್ನು ತುಂಬುತ್ತವೆ. ಆದರೆ ಆ ಕಪಾಟುಗಳಲ್ಲಿ ಏನೇನಿದೆ ಎಂಬುದು ನಮ್ಮ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡಬಲ್ಲರಾದರೂ ಓದಲಾರರು. ನಮ್ಮ ಕಾಲಾನಂತರ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಯಾರಿಗೆ ಕೊಡಬೇಕು ಎಂದು ತಿಳಿಯದೆ ಅವರು ಇಡೀ ಸಂಗ್ರಹವನ್ನೇ ರದ್ದಿಗೆ ಹಾಕಿದರೆ ಅವರನ್ನು ದೂರುವಂತಿಲ್ಲ. ಈ ನಷ್ಟವನ್ನು ತಪ್ಪಿಸಬಲ್ಲ ಸುಲಭ ಉಪಾಯವೆಂದರೆ ಒಂದು ಒಳ್ಳೆಯ ಸೂಚೀಪತ್ರ. ಅಂತರಜಾಲದ ಸಾಧನಗಳಿಂದ ಅದನ್ನು ಸಿದ್ಧಪಡಿಸುವ ಮತ್ತು ಕಾಪಾಡುವ ಬಗೆಯನ್ನು ಇಲ್ಲಿ ವಿವೇಚಿಸೋಣ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬ ಆಶಯದ್ದು. ಮನೆಯ ಸಂಗ್ರಹಕ್ಕೂ ಈ ಸೂತ್ರ ಸಲ್ಲುತ್ತದೆ.

ಈ ಕೆಲಸಕ್ಕೆ ಒದಗುವ ಸಾಧನಗಳಲ್ಲಿ 2005ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಆರಂಭವಾದ ಲೈಬ್ರರಿಥಿಂಗ್ ಒಂದು. ಹೊಸ ಪುಸ್ತಕಗಳ ರಕ್ಷಾಪುಟದ ಹಿಂಬದಿಯಲ್ಲಿ ಐ.ಎಸ್.ಬಿ.ಎನ್. ಎಂಬ ಅಂತರರಾಷ್ಟ್ರೀಯ ಸಂಖ್ಯೆಯಿರುತ್ತದೆ. 2007ರಿಂದ ಇದು 13 ಅಂಕೆಗಳದು. ಆರಂಭದ 978ರ ನಂತರ 81 ಅಥವಾ 93 ಬಂದರೆ ಅದು ಭಾರತದ ಪ್ರಕಟಣೆ. ಇದರ ಪಟ್ಟೆಗುರುತನ್ನು ಮೊಬೈಲಿನ ಕ್ಯಾಮೆರಾಕ್ಕೆ ತೋರಿಸಿದರೆ, ಆ ಪುಸ್ತಕದ ವಿವರ ಎಲ್ಲಿಯಾದರೂ ಮೊದಲೇ ದಾಖಲಾಗಿದ್ದ ಪಕ್ಷದಲ್ಲಿ ತಾನಾಗಿ ನಮ್ಮ ಪಟ್ಟಿಗೆ ಸೇರುತ್ತದೆ.

ಆದರೆ ನಮ್ಮ ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಈ ಸಂಖ್ಯೆಯೇ ಇಲ್ಲ. ಅಂತಹವುಗಳಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನೆರವಾಗುತ್ತದೆ. ಆ ಸಂಸ್ಥೆಯು 1962ರಲ್ಲಿ ನವದೆಹಲಿಯಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಪಿ.ಎಲ್. 480 ಒಪ್ಪಂದದಂತೆ ಭಾರತಕ್ಕೆ ಮಾರಿದ ಆಹಾರಧಾನ್ಯದಿಂದ ಬಂದ ರೂಪಾಯಿ ಹಣದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು, ತನಗಲ್ಲದೆ ಅಲ್ಲಿನ ವಿಶ್ವವಿದ್ಯಾಲಯಗಳಿಗೂ ಕಳುಹಿಸಿತು. ಹೀಗೆ ಗೋಧಿಯ ಹಣದಿಂದ ಕಡಲು ದಾಟಿದ ಕನ್ನಡ ಪುಸ್ತಕಗಳ ವಿವರಗಳು ಅದರ ಸೂಚಿಯಲ್ಲಿವೆ. ಲೈಬ್ರರಿಥಿಂಗ್‌ನಿಂದಲೇ ಅವನ್ನು ಹುಡುಕಿ ತೆಗೆದುಕೊಳ್ಳಬಹುದು. ಅಲ್ಲಿ ಹೆಸರುಗಳನ್ನು ರೋಮನ್ ಲಿಪಿಗೆ ಪರಿವರ್ತಿಸಿ ಬರೆದಿರುತ್ತಾರೆ ಎಂಬುದನ್ನು ಹುಡುಕುವಾಗ ನೆನಪಿಡಬೇಕು. ಅಲ್ಲಿಯೂ ಸಿಗದ ಪುಸ್ತಕಗಳನ್ನು ನಾವೇ ನಮೂದಿಸಬೇಕಾಗುತ್ತದೆ.

ನಮೂದಿಸುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೆಸರನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆಯಬೇಕು. ಕನ್ನಡ ಬಾರದ ಮಗಳೋ ಮೊಮ್ಮಗನೋ ಹುಡುಕುವುದು ರೋಮನ್ ಅಕ್ಷರಗಳಲ್ಲಿಯೇ. ಎರಡನೆಯದು ಲೇಖಕರ ಹೆಸರು. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ, ಶ್ರೀನಿವಾಸ ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್, ತ್ರಿವೇಣಿ ಮತ್ತು ಅನಸೂಯಾ ಶಂಕರ್ ಒಬ್ಬೊಬ್ಬರೇ ಎಂದು ಗಣಕಯಂತ್ರಕ್ಕೆ ತಿಳಿಯದು. ಒಂದು ರೂಪವನ್ನು ಆರಿಸಿಕೊಂಡು ಎಲ್ಲೆಡೆ ಅದನ್ನೇ ಬಳಸಿ, ಉಳಿದದ್ದನ್ನು ಟಿಪ್ಪಣಿಯಲ್ಲಿ ಸೇರಿಸುವುದು ಕ್ಷೇಮ. ಮೂರನೆಯದು ವರ್ಗೀಕರಣ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ನಮ್ಮ ಕಪಾಟಿನ ಬಹುಪಾಲು ಪುಸ್ತಕಗಳು ಈ ಒಂದೇ ಸಂಖ್ಯೆಯ ಕೆಳಗೆ ಬಂದು ನಿಲ್ಲುವುದರಿಂದ ಮನೆಯಲ್ಲಿ ಅದರಿಂದ ಪ್ರಯೋಜನ ಅಲ್ಪ. ಕಾದಂಬರಿ, ವಚನ, ನಾಟಕ, ಅಡಿಗೆ, ಮಕ್ಕಳ ಕತೆ ಎಂಬ ಸರಳ ವಿಂಗಡಣೆಯೇ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಆ ಪುಸ್ತಕ ನಮ್ಮ ಮನೆಗೆ ಬಂದ ಬಗೆಯನ್ನು ಎರಡು ಸಾಲುಗಳಲ್ಲಿ ಬರೆದಿಡಬೇಕು. ಅಜ್ಜನ ಹಸ್ತಾಕ್ಷರವಿದೆಯೇ, ಮದುವೆಯ ಉಡುಗೊರೆಯೇ, ಲೇಖಕರೇ ಕೊಟ್ಟದ್ದೇ? ಈ ಸಂಗತಿಗಳನ್ನು ಜಗತ್ತಿನ ಯಾವ ಗ್ರಂಥಾಲಯವೂ ನಮಗೆ ಒದಗಿಸಲಾರದು.

ಸೂಚೀಪತ್ರದ ಜೊತೆಗೆ ಕಡತಗಳ ಪ್ರಶ್ನೆಯೂ ಬರುತ್ತದೆ. ಹಸ್ತಾಕ್ಷರವಿರುವ ಪುಟಗಳ ಛಾಯಾಚಿತ್ರ, ಹಿರಿಯರ ಪತ್ರಗಳು, ಧ್ವನಿಮುದ್ರಿಕೆಗಳು ಇವನ್ನು ಅಂತರಜಾಲದ ಸಂಗ್ರಹದಲ್ಲಿ ಇಡಬಹುದು. ಕನ್ನಡಕ್ಕೆ 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಅದರ ಬಳಕೆ ಹರಡುವ ಮೊದಲು ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಮುಂದೂಡಬಾರದು.

ಅಂತರಜಾಲದಲ್ಲಿ ಇಟ್ಟದ್ದೆಲ್ಲ ಶಾಶ್ವತವೆಂದು ಭಾವಿಸುವುದೂ ತರವಲ್ಲ. ಪುಸ್ತಕಪಟ್ಟಿಗಳಿಗೆ ಹೆಸರಾಗಿದ್ದ ಶೆಲ್ಫಾರಿ 2016ರಲ್ಲಿ ಮುಚ್ಚಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಖಾತೆಯ ಒಡೆಯನೇ ಇಲ್ಲವಾದಾಗ ಅದನ್ನು ತೆರೆಯುವವರಾರು? ನಾವು ಬಹುಕಾಲ ಖಾತೆಯನ್ನು ಬಳಸದಿದ್ದರೆ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸುವ ಸೌಲಭ್ಯವೂ ಆ ಸಂಸ್ಥೆಯಲ್ಲಿದೆ; ಅದನ್ನು ಬಳಸಿಕೊಳ್ಳಬೇಕು. ಕಡತಗಳ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ ಎಂಬುದು ತಜ್ಞರು ಒಪ್ಪಿದ ಕ್ರಮ. ಸೂಚೀಪತ್ರವನ್ನು ವರ್ಷಕ್ಕೊಮ್ಮೆ ಸಾಮಾನ್ಯ ಕೋಷ್ಟಕದ ರೂಪದಲ್ಲಿ ಇಳಿಸಿಕೊಂಡು, ಕಾಗದದ ಮೇಲೂ ಮುದ್ರಿಸಿ ಕಪಾಟಿನಲ್ಲಿ ಇಡುವುದು ಉಚಿತ.

ವಾರಕ್ಕೆ 25 ಪುಸ್ತಕಗಳಂತೆ ನಮೂದಿಸಿದರೆ 500 ಪುಸ್ತಕಗಳ ಸಂಗ್ರಹಕ್ಕೆ 20 ವಾರಗಳು ಸಾಕು. ನಾವು ಹೆಸರನ್ನು ಓದಿ ಹೇಳುತ್ತ, ಮಕ್ಕಳಿಂದ ಬೆರಳಚ್ಚು ಮಾಡಿಸಿದರೆ ಅವರಿಗೆ ನಾಲ್ಕು ಅಕ್ಷರಗಳ ಪರಿಚಯವೂ ಆದೀತು. ಹತ್ತು ಮನೆಗಳ ಪಟ್ಟಿಗಳು ಒಂದೆಡೆ ಸೇರಿದರೆ, ಕಟ್ಟಡವಾಗಲಿ ಬಾಡಿಗೆಯಾಗಲಿ ಬೇಡದ ಒಂದು ಕನ್ನಡ ಪುಸ್ತಕಾಲಯ ನಮ್ಮ ಕೂಟಕ್ಕೆ ದೊರೆಯುತ್ತದೆ. ಯಾರ ಮನೆಯಲ್ಲಿ ಯಾವ ಪುಸ್ತಕವಿದೆಯೆಂದು ತಿಳಿದರೆ ಎರವಲು ಕೇಳಲು ನಮಗೆ ಸಂಕೋಚವೇನೂ ಇರಲಾರದು.