ಆರ್. ನಾಗೇಂದ್ರರಾವ್

ರಟ್ಟಿಹಳ್ಳಿ ನಾಗೇಂದ್ರರಾವ್ (ಜೂನ್ 23, 1896 – ಫೆಬ್ರವರಿ 9, 1977) ಕನ್ನಡ ವೃತ್ತಿರಂಗಭೂಮಿ ಮತ್ತು ಚಲನಚಿತ್ರಗಳ ನಟ, ನಿರ್ದೇಶಕ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ನಾಟಕ ಕಂಪನಿಯನ್ನು ಸೇರಿ ಸ್ತ್ರೀಪಾತ್ರಗಳ ಮೂಲಕ ರಂಗವನ್ನೇರಿದರು. ಮುಂದೆ ಎಂ.ವಿ. ಸುಬ್ಬಯ್ಯ ನಾಯ್ಡು ಅವರೊಂದಿಗೆ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು.

ಸತಿ ಸುಲೋಚನಾ

ಮೊದಲು ಬಿಡುಗಡೆಯಾದ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನದ ಈ ಚಿತ್ರದ ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರೆ, ನಾಗೇಂದ್ರರಾವ್ ರಾವಣನಾದರು. ಸಂಗೀತದಲ್ಲಿಯೂ ಅವರ ಪಾಲಿತ್ತು. ಆ ಕಾಲದಲ್ಲಿ ನಟರು ಕ್ಯಾಮೆರಾದ ಮುಂದೆಯೇ ಮಾತನಾಡಬೇಕಿತ್ತು, ಹಾಡಬೇಕಿತ್ತು. ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವರಿಗೂ ಮಾತು ಮುಟ್ಟಿಸಲು ಕಲಿತಿದ್ದ ಕಂಪನಿ ನಟರಿಲ್ಲದಿದ್ದರೆ ಕನ್ನಡ ಚಿತ್ರ ಅಷ್ಟು ಬೇಗ ಮಾತನಾಡುತ್ತಿರಲಿಲ್ಲವೆನ್ನಬಹುದು. ದುರ್ದೈವದಿಂದ ಚಿತ್ರದ ಪ್ರತಿ ಉಳಿದಿಲ್ಲ. ಅವರ ರಾವಣನನ್ನು ಇಂದಿನವರು ನೋಡುವಂತಿಲ್ಲ.

ನಂತರದ ಚಿತ್ರಗಳು

‘ವಸಂತಸೇನಾ’ (1941) ಚಿತ್ರದಲ್ಲಿ ಶಕಾರನ ಪಾತ್ರ ವಹಿಸಿದರು. ಪ್ರಾಸಕ್ಕೂ ಅಪಹಾಸ್ಯಕ್ಕೂ ಹೆಸರಾದ ಆ ಪಾತ್ರ ಮಾತಿನ ವರಸೆ ಬಲ್ಲ ರಂಗನಟನಿಗೇ ಒಪ್ಪುವಂಥದು. ‘ಸತ್ಯ ಹರಿಶ್ಚಂದ್ರ’ (1943) ಚಿತ್ರದ ನಿರ್ದೇಶನದಲ್ಲಿ ಭಾಗಿಯಾದರು. ಅದು ಮರುವರ್ಷ ತಮಿಳಿಗೆ ಡಬ್ ಆಯಿತು. ‘ಮಹಾತ್ಮ ಕಬೀರ್’ (1947) ಚಿತ್ರವನ್ನೂ ನಿರ್ದೇಶಿಸಿದರು.

ಪುರಾಣಕಥೆಗಳೇ ಹೆಚ್ಚಾಗಿದ್ದ ದಿನಗಳಲ್ಲಿ ಸಾಮಾಜಿಕ ವಸ್ತುವಿನತ್ತ ಹೊರಳಿದ್ದು ಅವರ ಬದುಕಿನ ಮಹತ್ವದ ತಿರುವು. ಜಾತಕದ ಮೇಲಿನ ಕುರುಡು ನಂಬಿಕೆಯನ್ನು ಪ್ರಶ್ನಿಸುವ ‘ಜಾತಕಫಲ’ (1953) ಕನ್ನಡದಲ್ಲಲ್ಲದೆ ತಮಿಳು, ತೆಲುಗು ಭಾಷೆಗಳಲ್ಲಿಯೂ ತಯಾರಾಯಿತು. ‘ಪ್ರೇಮದ ಪುತ್ರಿ’ (1957) ಉತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪತಿಗಳ ರಜತ ಪದಕ ಪಡೆಯಿತು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ, ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದಲ್ಲಿ ಅವರದು ಸಂಪ್ರದಾಯಬದ್ಧ ತಂದೆಯ ಪಾತ್ರ. ಎಪ್ಪತ್ತರ ಗಡಿ ದಾಟಿದ ನಟನ ಅಭಿನಯದಲ್ಲಿ ಕಂಪನಿ ನಾಟಕದ ಅಬ್ಬರದ ಸುಳಿವೂ ಇಲ್ಲ. ವಿಧವೆ ಮಗಳ ಮುಂದೆ ಹಿರಿಯನೊಬ್ಬನ ಹಟ ಕರಗುವುದನ್ನು ಮೆಲುದನಿಯಲ್ಲಿಯೇ ತೋರುತ್ತಾರೆ. ಅವರ ಕಲೆಯನ್ನು ತಿಳಿಯಬಯಸುವವರು ಮೊದಲು ನೋಡಬೇಕಾದ ಚಿತ್ರವಿದು.

ಗೌರವ ಮತ್ತು ಕುಟುಂಬ

1976ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾಗಿ, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾಗಿ ಹೆಸರಾದರು. ಆರ್.ಎನ್. ಸುದರ್ಶನ್ ತಂದೆಯೇ ನಿರ್ದೇಶಿಸಿದ ‘ವಿಜಯನಗರದ ವೀರಪುತ್ರ’ (1961) ಚಿತ್ರದಿಂದ ನಾಯಕನಟರಾದರು.